ನಾಲ್ಕನೇ ಮಾಳಿಗೆಯ ಗಂಟು

“ಅದಕ್ಕ ಉಣ್ಣಾಕ ಏನು ಹಾಕ್ತಾರ, ಕೇಳ್ಕೊಂಡು ಬರ್ರಿ.”

ನನ್ನ ಹೆಂಡತಿ ನನಗೆ ಹೇಳಿದ ಕಡೆಯ ಮಾತು ಇದು. ಅದಕ್ಕ ಅಂದರೆ ಅವಳ ಗಲ್ಲದೊಳಗಿನ ಗಂಟಿಗೆ. ಗಂಟನ್ನು ಡಾಕ್ಟರು ಕೊಯ್ದು ತೆಗೆದಿದ್ದರು. ಅದರ ಒಂದು ಚೂರನ್ನು ಅದೇ ದವಾಖಾನೆಯ ನಾಲ್ಕನೇ ಮಾಳಿಗೆಯಲ್ಲಿ ಬಾಟಲಿಯೊಳಗೆ ಜೀವಂತ ಇಟ್ಟು ಬೆಳೆಸುತ್ತಿದ್ದರು. ಇವಳು ಕೆಳಗೆ ಮಂಚದ ಮೇಲೆ ಮಲಗಿದ್ದಳು. ಮೂಗಿನಲ್ಲಿ ನಳಿಗೆ. ಮೇಲಿನದರ ಊಟದ ಚಿಂತೆ ಇವಳಿಗೆ.

ನಾನು ಕೇಳಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಕ್ಯಾನ್ಸರ್ ದವಾಖಾನೆಗೆ ಹೋದವರು ಬರೀ ಅಳುತ್ತಾರೆ ಅಂತ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಅಲ್ಲಿಯೂ ನಗೆ ಬರುತ್ತದೆ. ಬರಬಾರದ ಹೊತ್ತಿಗೇ ಬರುತ್ತದೆ. ನಮಗಂತೂ ಹೋದ ಹೋದಲ್ಲೆಲ್ಲ ಒಂದಿಲ್ಲೊಂದು ಆಗುತ್ತಿತ್ತು. ಅವಳಿದ್ದಾಗ ಅವಳೇ ಹೇಳಿ ಓಣಿಯನ್ನೆಲ್ಲ ನಗಿಸುತ್ತಿದ್ದಳು. ಈಗ ನಾನು ಹೇಳಬೇಕು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ನಿಧಾನ ಆಗುತ್ತದೆ.

೧. ಮಜ್ಜಿಗೆ

ನಮ್ಮದು ಹನುಮಸಾಗರದ ಹತ್ತಿರ ಒಂದು ಹಳ್ಳಿ. ನಾನು ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹಮಾಲಿ ಮಾಡಿದವನು. ಅವಳು ಬೀಜದ ಪ್ಲಾಟಿನಲ್ಲಿ ದುಡಿಯುತ್ತಿದ್ದಳು. ಮೆಣಸಿನಕಾಯಿ, ಟೊಮ್ಯಾಟೊ ಗಿಡದ ಹೂವಿಗೆ ಬೇರೆ ಗಿಡದ ಪುಡಿಯನ್ನು ಕೈಯಿಂದ ಮುಟ್ಟಿಸುವ ಕೆಲಸ.

ಇಬ್ಬರಿಗೂ ಎಲೆ ಅಡಿಕೆ ತಂಬಾಕು ಬೇಕು. ಸಂಚಿ ಒಂದೇ. ನನ್ನ ಹತ್ತಿರ ಇರುತ್ತಿತ್ತು. ಉಂಡ ಮೇಲೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ತಂಬಾಕು ತಿಕ್ಕಿ, ಮಡಚಿ ಅವಳ ಕೈಗೆ ಕೊಡುವವನು ನಾನು. ಲಗ್ನವಾದ ವರ್ಷದಿಂದ ಹಾಗೆ. ಮಂದಿ ಹೆಂಡತಿಗೆ ಬಂಗಾರದ ಬೋರಮಾಳ ಮಾಡಿಸುತ್ತಾರೆ. ನಾನು ಎಲೆ ಮಡಚಿ ಕೊಟ್ಟೆ.

ಎಡಗಲ್ಲದೊಳಗೆ ಹುಣ್ಣಾಯಿತು.

“ಉಷ್ಣ ಐತಿ. ಮಜ್ಜಿಗಿ ಕುಡಿ,” ಅಂದೆ.

ಎರಡು ತಿಂಗಳು ಕುಡಿದಳು. ಹುಣ್ಣು ಗಂಟಾಯಿತು.

“ಎಮ್ಮಿ ಬತ್ತಾಕ ಬಂತು. ನಿಮ್ಮ ಉಷ್ಣ ಇಳಿವಲ್ದು,” ಅಂದಳು.

ಕುಷ್ಟಗಿಗೆ ಹೋದೆವು. ಡಾಕ್ಟರು ಬಾಯಿ ತೆಗೆ ಅಂದರು. ಎರಡು ಬೆರಳು ಹೋಗುವಷ್ಟು ತೆಗೆದಳು. ಅದರ ಮೇಲೆ ಬರಲಿಲ್ಲ.

“ಇಷ್ಟೇನು?” ಅಂದರು.

“ಇವರ ಮ್ಯಾಲ ಒದರಾಕ ಇಷ್ಟು ಸಾಕ್ರಿ,” ಅಂದಳು.

ಡಾಕ್ಟರು ನಗಲಿಲ್ಲ. ತಂಬಾಕು ಯಾರು ತರುತ್ತಾರೆ ಅಂತ ಕೇಳಿದರು. ಅವಳು ನನ್ನ ಕಡೆ ಬೆರಳು ಮಾಡಿದಳು. ಹಾಗಾದರೆ ನಿಮ್ಮದೂ ನೋಡೋಣ ಬರ್ರಿ ಅಂದು ನನ್ನ ಬಾಯಿಗೆ ಬ್ಯಾಟರಿ ಹಿಡಿದರು. ಅತ್ತ ನೋಡಿದರು, ಇತ್ತ ನೋಡಿದರು. ನಿಮಗೇನೂ ಇಲ್ಲ, ಅಂದರು.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ತಂಬಾಕು ತಿಕ್ಕಿದವರಿಗೆ ಏನೂ ಇಲ್ಲ. ಮಜ್ಜಿಗಿ ಕುಡದಾಕಿಗೆ ಬಂತು ನೋಡ್ರಿ,” ಅಂದಳು.

ಆಗ ಡಾಕ್ಟರೂ ನಕ್ಕರು. ನಾನೊಬ್ಬ ನಗಲಿಲ್ಲ.

೨. ಬೆಳೆಸುವವರು

ಕುಷ್ಟಗಿಯವರು ಹುಬ್ಬಳ್ಳಿಯ ಕಡೆಯ ಒಂದು ದೊಡ್ಡ ದವಾಖಾನೆಗೆ ಬರೆದು ಕೊಟ್ಟರು. ಕೊಪ್ಪಳದಲ್ಲಿ ರೈಲು ಹತ್ತಿದೆವು. ಆಪರೇಷನ್ನಿಗೆ ದಿನ ಗೊತ್ತು ಮಾಡಿದರು. ಅದರ ಹಿಂದಿನ ದಿನ ಬಿಳಿ ಕೋಟಿನ ಒಬ್ಬ ಹೆಣ್ಣುಮಗಳು ಮಂಚದ ಹತ್ತಿರ ಬಂದಳು. ನಾಲ್ಕನೇ ಮಾಳಿಗೆಯ ಲ್ಯಾಬಿನಾಕೆ. ಮಾತು ನಮ್ಮ ಕಡೆಯದೇ.

“ಅಮ್ಮಾ, ನಾಳಿ ತೆಗಿಯೂ ಗಂಟಿನಾಗ ಒಂದು ಚೂರು ನಮಗ ಬೇಕಾಗಿತ್ರಿ. ಅದನ್ನ ಬಾಟಲ್ಯಾಗ ಬೆಳಸಾಕ ನೋಡ್ತೀವಿ. ಅದು ಹಿಡದು ನಿಂತ್ರ, ಹೊಸಾ ಔಷಧ ಬಂದಾಗ ಮನಿಷ್ಯಾಗ ಕೊಡೂಕಿಂತ ಮದ್ಲ ಅದಕ್ಕ ಹಾಕಿ ನೋಡಬಹುದು. ನಿಮ್ಮ ಮನಸ್ಸಿದ್ರ ಅಷ್ಟ.”

ನನಗೆ ಸಿಟ್ಟು ಬಂತು.

“ಬೆಳಸ್ತೀರಿ? ಅದನ್ನ ಕಿತ್ತು ಒಗಿಯಾಕ ಅಂತ ನಾವು ರೈಲು ಹತ್ತಿ ಬಂದೀವಿ. ನೀವು ನೋಡಿದ್ರ ಬೆಳಸ್ತೀನಿ ಅಂತೀರಿ!”

“ನೀವು ಸುಮ್ನ ಕುಂದರ್ರಿ,” ಅಂದಳು ಹೆಂಡತಿ.

ನನಗಿಂತ ಮೊದಲು ಅವಳಿಗೆ ತಿಳಿದಿತ್ತು. ಬೀಜದ ಪ್ಲಾಟಿನಲ್ಲಿ ಇಪ್ಪತ್ತು ವರ್ಷ ಕಳೆದವಳು. ಒಂದು ಗಿಡದ ಗುಣ ಕೆಡದ ಹಾಗೆ ವರ್ಷ ವರ್ಷ ಹೇಗೆ ಕಾದಿಡುತ್ತಾರೆ ಅಂತ ಕಂಡವಳು. ಸೆರಗು ಸರಿ ಮಾಡಿಕೊಂಡು ವಿಚಾರಣೆ ಸುರು ಮಾಡಿದಳು.

“ಅಂದ್ರ ನನ್ನ ಗಂಟಿಂದು ಒಂದು ತಳಿ ಮಾಡ್ತೀರಿ.”

“ಹೌದ್ರೀ ಅಮ್ಮಾ. ತಳೀನ.”

“ಹಾಕಿದ್ದೆಲ್ಲಾ ಹುಟ್ಟತಾವೇನು?”

ಲ್ಯಾಬಿನಾಕೆ ಸುಳ್ಳು ಹೇಳಲಿಲ್ಲ. “ಇಲ್ರಿ. ಭಾಳಷ್ಟು ಹತ್ತೂದಿಲ್ಲ. ಸತ್ತು ಹೋಗ್ತಾವು.”

“ಚೀಟಿ ಮ್ಯಾಲ ನನ್ನ ಹೆಸರು ಬರೀತೀರೇನು?”

“ಹೆಸರು ಬರಿಯಂಗಿಲ್ರಿ. ನಂಬರ್ ಅಷ್ಟ.”

“ಇಲ್ಲೀನೂ ನಂಬರನಾ!” ಅಂತ ನಕ್ಕಳು. ಪ್ಲಾಟಿನಲ್ಲಿ ಅವಳು ಕಟ್ಟಿದ ಬೀಜದ ಚೀಲಗಳ ಮೇಲೂ ಬರೀ ನಂಬರೇ ಇರುತ್ತಿತ್ತು.

ಸಹಿ ಮಾಡಿದಳು. ಸಾಕ್ಷಿಗೆ ನಾನು ಮಾಡಬೇಕಿತ್ತು. ಪೆನ್ನು ಹಿಡಿದು ಕುಳಿತುಬಿಟ್ಟೆ.

“ಮಾಡ್ರಿ. ಹೆಂಗೂ ಒಗಿಯೂ ವಸ್ತು. ಅದನ್ನ ಕೊಡಾಕೂ ಕೈ ಹಿಂದ ಮುಂದ ನೋಡತೈತೇನು ನಿಮ್ಮದು?” ಅಂದಳು.

ಮಾಡಿದೆ. ಲ್ಯಾಬಿನಾಕೆ ಕಾಗದದ ಒಂದು ಪ್ರತಿ ನನ್ನ ಕೈಗೆ ಕೊಟ್ಟು ಹೊರಟಳು. ಬಾಗಿಲ ತನಕ ಹೋಗಿದ್ದಳು. ಇವಳು ಕರೆದಳು.

“ಏ ತಂಗಿ, ನೀರು ಹದಕ್ಕ ಬಿಡವಾ. ಭಾಳಷ್ಟು ಸಾಯ್ತಾವು ಅಂತೀಯಲ್ಲ, ಅದಕ್ಕ ಹೇಳಿದೆ. ನಮ್ಮ ಪ್ಲಾಟಿನಾಗೂ ಹೊಸಬರು ಬಂದ್ರ ಎಲ್ಲಾ ಕೊಳಸ್ತಾರ.”

೩. ಲಿಫ್ಟು

ಆಪರೇಷನ್ ನಡೆದಿತ್ತು. ನಾನು ಬಾಗಿಲ ಹೊರಗೆ ಕುಳಿತಿದ್ದೆ. ಸಿಸ್ಟರ್ ಒಬ್ಬಳು ಥರ್ಮಾಕೋಲ್ ಡಬ್ಬಿ ಹಿಡಿದು ಹೊರಗೆ ಬಂದಳು. ಒಳಗೆ ಬರ್ಫ. ಬರ್ಫದಲ್ಲಿ ಒಂದು ಸಣ್ಣ ಬಾಟಲಿ. ಬಾಟಲಿಯಲ್ಲಿ ಗುಲಾಬಿ ಬಣ್ಣದ ನೀರು, ನೀರಿನಲ್ಲಿ ಕಡಲೆಕಾಳಿನಷ್ಟು ಚೂರು.

ಒಯ್ಯಲು ಲ್ಯಾಬಿನಾಕೆ ಬರಬೇಕಿತ್ತು. ಇನ್ನೂ ಬಂದಿರಲಿಲ್ಲ. ಸಿಸ್ಟರ್ ಅತ್ತ ಇತ್ತ ನೋಡಿ ನನ್ನ ಕೈಗೆ ಕೊಟ್ಟಳು.

“ಕಾಕಾ, ನಾಕನೇ ಮಾಳಿಗಿ. ಲಗೂನ ಓಡ್ರಿ. ತಡಾ ಆದ್ರ ಸಾಯತೈತಿ.”

ಲಿಫ್ಟಿಗೆ ಹೋದೆ. ಒಳಗೆ ಐದಾರು ಮಂದಿ. ಲಿಫ್ಟಿನವನು ಸ್ಟೂಲಿನ ಮೇಲೆ ಕುಳಿತಿದ್ದ. ಡಬ್ಬಿ ನೋಡಿದ.

“ಊಟದ ಡಬ್ಬಿ ಮ್ಯಾಲ ಒಯ್ಯಂಗಿಲ್ಲ.”

“ಊಟ ಅಲ್ರಿ.”

“ಮತ್ತೇನೈತಿ?”

“ನಮ್ಮನಿಯಾಕಿ.”

ಅವನು ಡಬ್ಬಿ ನೋಡಿದ. ನನ್ನನ್ನು ನೋಡಿದ. “ಯಾರು?”

“ನಮ್ಮನಿಯಾಕಿ ರೀ. ಎಲ್ಲಾ ಅಲ್ಲ, ಸ್ವಲ್ಪ.”

ಎಲ್ಲರೂ ಇಳಿದರು. ಲಿಫ್ಟಿನವನೂ ಇಳಿದ. ನಾನೊಬ್ಬನೇ ಉಳಿದೆ. ಯಾವ ಗುಂಡಿ ಒತ್ತಬೇಕೋ ನನಗೆ ಗೊತ್ತಿರಲಿಲ್ಲ. ನಾನೂ ಇಳಿದೆ.

ಮೆಟ್ಟಿಲು ಹತ್ತಿ ಓಡಿದೆ. ಚೀಲ ಹೊತ್ತು ಹಲಗೆ ಹತ್ತಿದ ಕಾಲು, ಎಲ್ಲಿಯೂ ನಿಲ್ಲಲಿಲ್ಲ. ಹುಣ್ಣಿದ್ದಾಗ ಎರಡು ತಿಂಗಳು ಅವಳನ್ನು ಮನೆಯಲ್ಲಿ ಕೂರಿಸಿದವನು, ಅದರ ಚೂರಿಗಾಗಿ ನಾಲ್ಕು ಮಾಳಿಗೆ ಒಂದೇ ಉಸುರಿನಲ್ಲಿ ಹತ್ತಿದೆ. ಮೇಲೆ ಹೋಗಿ ಡಬ್ಬಿ ಕೊಟ್ಟ ಮೇಲೆ ಈ ಮಾತು ತಲೆಗೆ ಬಂತು. ಅಲ್ಲೇ ಗೋಡೆ ಹಿಡಿದು ಕುಳಿತೆ. ಲ್ಯಾಬಿನಾಕೆ, ಕಾಕಾಗೆ ದಮ್ಮು ಹತ್ತಿದೆ ಅಂತ ನೀರು ಕೊಟ್ಟಳು.

ಎರಡು ದಿನದ ಮೇಲೆ ಹೆಂಡತಿಗೆ ಲಿಫ್ಟಿನ ಕತೆ ಹೇಳಿದೆ. ಅರ್ಧ ಮುಖಕ್ಕೆ ಪಟ್ಟಿ. ಉಳಿದ ಅರ್ಧದಲ್ಲಿ ನಕ್ಕಳು. ಸಿಸ್ಟರ್ ಓಡಿ ಬಂದು ನನಗೆ ಬೈದಳು.

“ಹೊಲಿಗಿ ಬಿಚ್ಚತಾವ್ರಿ ಕಾಕಾ. ಪೇಶೆಂಟಿನ ಮಂದಿ ಅಳಬೇಕು, ನಗಸಬಾರದು.”

೪. ಬೂಸಲು

ಆಪರೇಷನ್ನಿನಲ್ಲಿ ಗಲ್ಲ ಹೋಯಿತು, ನಾಲಿಗೆಯದೂ ಸ್ವಲ್ಪ ಹೋಯಿತು. ಮಾತು ಉಳಿಯಿತು. ಆದರೆ ಅದು ನನಗೊಬ್ಬನಿಗೇ ತಿಳಿಯುತ್ತಿತ್ತು.

ತೋರಿಸಲು ಮತ್ತೆ ಹೋದಾಗ ಲ್ಯಾಬಿನಾಕೆ ಸಿಕ್ಕಳು. ಮುಖ ಸಣ್ಣದು ಮಾಡಿಕೊಂಡಿದ್ದಳು. ಚೂರನ್ನು ಕತ್ತರಿಸಿ ನಾಲ್ಕು ಬಾಟಲಿ ಹಾಕಿದ್ದಳಂತೆ. ಮೂರಕ್ಕೆ, ಹಳಸಿದ ರೊಟ್ಟಿಗೆ ಬರುವ ಹಾಗೆ, ಬೂಸಲು ಬಂದಿತ್ತು.

“ಬಾಯಾಗಿನ ಗಂಟು ಅಂದ್ರ ಹಂಗ್ರಿ. ಬಾಯಾಗಿನ ಬೂಸಲಾನೂ ಅದರ ಜೋಡಿ ಬರತೈತಿ. ಒಂದು ಬಾಟಲಿ ಉಳದೈತಿ. ಅದನ್ನ ಕಣ್ಣಾಗ ಎಣ್ಣಿ ಹಾಕ್ಕೊಂಡು ಕಾಯಾಕತ್ತೀನಿ.”

ಹೆಂಡತಿ ಏನೋ ಅಂದಳು.

“ಏನಂತಾರ್ರೀ ಕಾಕಾ?”

ಅವಳು ಅಂದದ್ದು ಇಷ್ಟು: ಈ ಹುಡಿಗಿ ಕೈ ತೊಳಕೋತಾಳೋ ಇಲ್ಲೋ ಕೇಳ್ರಿ. ನನಗೆ ನಾಚಿಕೆ ಆಯಿತು. ಕಲಿತ ಹೆಣ್ಣುಮಗಳು. ಹೇಗೆ ಕೇಳುವುದು?

“ನಮಸ್ಕಾರ ಅಂತಾಳ್ರಿ,” ಅಂದೆ.

ಹೆಂಡತಿ ನನ್ನ ರಟ್ಟೆ ಚಿವುಟಿದಳು. ಮತ್ತೊಮ್ಮೆ ಜೋರಾಗಿ ಅಂದಳು.

“ಈಗೇನಂದ್ರು?”

“ನಿಮ್ಮ ಮ್ಯಾಲ ಭಾಳ ವಿಶ್ವಾಸ ಐತಿ ಅಂತಾಳ್ರಿ.”

ಹೆಂಡತಿ ನನ್ನನ್ನು ಬದಿಗೆ ನೂಕಿದಳು. ಲ್ಯಾಬಿನಾಕೆಯ ಎರಡೂ ಕೈ ಹಿಡಿದುಕೊಂಡಳು. ತಿರುಗಿಸಿ ನೋಡಿದಳು. ಒಂದೊಂದೇ ಉಗುರು ನೋಡಿದಳು. ಆಮೇಲೆ ತನ್ನ ಕೈಯ ಮೇಲೆ ಸುಳ್ಳೇ ನೀರು ಸುರುವಿಕೊಂಡು ಗಸಗಸ ತಿಕ್ಕಿ ತೋರಿಸಿದಳು.

ಲ್ಯಾಬಿನಾಕೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ತೊಳಕೋತೀನ್ರೀ ಅಮ್ಮಾ! ತೊಳಕೊಂಡು ಮ್ಯಾಲ ಗ್ಲೌಸೂ ಹಾಕ್ಕೋತೀನಿ!”

ಹೊರಗೆ ಬಂದ ಮೇಲೆ ಹೆಂಡತಿ ನನ್ನನ್ನು ನಿಲ್ಲಿಸಿ ಕೇಳಿದಳು.

“ಡಾಕ್ಟರು ಬಾಯಿ ಕೊಯ್ದದ್ದು ನಂದೋ, ನಿಮ್ಮದೋ?”

೫. ಬೇಳೆ ಕಟ್ಟು

ಬೇನೆ ಕೊರಳಿಗೆ ತಿರುಗಿ ಬಂತು. ಮತ್ತೆ ಅದೇ ದವಾಖಾನೆ, ಅದೇ ವಾರ್ಡು. ಊಟವೆಲ್ಲ ಮೂಗಿನ ನಳಿಗೆಯಲ್ಲಿ.

ಅವಳದು ಸೋಮವಾರ ಉಪವಾಸ. ಲಗ್ನಕ್ಕಿಂತ ಮೊದಲಿನಿಂದ ಹಿಡಿದದ್ದು. ಹೊತ್ತು ಮುಳುಗುವ ತನಕ ಏನೂ ಮುಟ್ಟುತ್ತಿರಲಿಲ್ಲ. ವಾರ್ಡಿನಲ್ಲಿ ಸೋಮವಾರ ಬಂತು. ಸಿಸ್ಟರ್ ಪಿಚಕಾರಿ ತುಂಬಿಕೊಂಡು ಬಂದಳು. ಇವಳು ನಳಿಗೆಯ ಬಾಯಿ ಮುಷ್ಟಿಯಲ್ಲಿ ಹಿಡಿದು ಬಿಡಲಿಲ್ಲ.

“ಇದು ಊಟ ಅಲ್ಲಮ್ಮಾ. ಔಷಧ ಇದು,” ಅಂದಳು ಸಿಸ್ಟರ್.

ಇವಳು ಅಂದದ್ದನ್ನು ಈ ಸಲ ನಾನು ಇದ್ದದ್ದು ಇದ್ದ ಹಾಗೇ ಹೇಳಿದೆ.

“ಔಷಧಕ್ಕ ಬ್ಯಾಳಿ ಕಟ್ಟಿನ ವಾಸನಿ ಯಾಕ ಐತಿ ಅಂತ ಕೇಳ್ತಾಳ್ರಿ.”

ಸಿಸ್ಟರ್ ಸೋತಳು. ಹೊತ್ತು ಮುಳುಗಿದ ಮೇಲೆ ಹಾಕುತ್ತೇನೆ ಅಂತ ಹೋದಳು.

ಅದೇ ದಿನ ಮಧ್ಯಾಹ್ನ. ಇವಳು ಮೇಲಿನ ಮಾಳಿಗೆಯ ಕಡೆ ಕಣ್ಣು ಮಾಡಿದಳು. ಅದಕ್ಕ ಉಣ್ಣಾಕ ಏನು ಹಾಕ್ತಾರ, ಕೇಳ್ಕೊಂಡು ಬರ್ರಿ, ಅಂದಳು.

ಹೋದೆ. ಗಾಜಿನ ಬಾಗಿಲ ಒಳಗೆ ಲ್ಯಾಬಿನಾಕೆ ಇದ್ದಳು. ಅವಳ ಸುತ್ತ ನಾಲ್ಕು ಬಿಳಿ ಕೋಟು. ಇಂಗ್ಲಿಷಿನಲ್ಲಿ ಮಾತು ನಡೆದಿತ್ತು. ನನ್ನ ಕಾಲಲ್ಲಿ ಹೊಲದ ಚಪ್ಪಲಿ. ನನ್ನ ಹೆಂಡತಿಯ ಗಂಟಿನ ಊಟ ಏನು ಅಂತ ಅಷ್ಟು ಮಂದಿಯ ನಡುವೆ ಹೇಗೆ ಕೇಳಲಿ? ನಗುತ್ತಾರೆ ಅನಿಸಿತು. ತಿರುಗಿದೆ.

ಕೆಳಗೆ ಹೋಗಿ ಚಹಾ ಕುಡಿದೆ. ಸಂಚಿ ಬಿಚ್ಚಿದೆ. ರೂಢಿ. ಎರಡು ಎಲೆ ಮಡಚಿದೆ. ಒಂದು ಬಾಯಿಗೆ ಹಾಕಿದೆ, ಇನ್ನೊಂದು ಕೈಯಲ್ಲೇ ಉಳಿಯಿತು. ಹಾಲು ಹಾಕುತ್ತಾರಂತೆ ಅಂತ ಹೇಳಿದರಾಯಿತು, ಅಂದುಕೊಂಡೆ. ಅವಳಿಗೆ ಖುಷಿ ಆಗುತ್ತದೆ. ಹಾಲು, ಹಾಲು ಅನ್ನುತ್ತ ಮೆಟ್ಟಿಲು ಹತ್ತಿದೆ.

ಮಂಚದ ಸುತ್ತ ಪರದೆ ಎಳೆದಿದ್ದರು.

ಸಂಚಿಯನ್ನು ಅವತ್ತಿನಿಂದ ಬಿಚ್ಚಿಲ್ಲ.

೬. ಕಾಗೆ

ಅವಳು ಹೋದ ಹನ್ನೊಂದನೆಯ ದಿನಕ್ಕೆ ತಿಥಿ ಮಾಡಿದೆವು. ಅವಳಿಗೆ ಸೇರುತ್ತಿದ್ದ ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ, ಸಾರು ಎಲೆಯ ಮೇಲೆ ಬಡಿಸಿ ಅಂಗಳದಲ್ಲಿ ಇಟ್ಟೆವು. ಕಾಗೆ ಬಂದು ಮುಟ್ಟಬೇಕು. ಅಲ್ಲಿಯ ತನಕ ಯಾರೂ ಉಣ್ಣುವಂತಿಲ್ಲ.

ಕಾಗೆ ಬೇವಿನ ಮರದಲ್ಲಿ ಕುಳಿತಿತ್ತು. ನೋಡುತ್ತಿತ್ತು. ಇಳಿಯಲಿಲ್ಲ. ಹೊತ್ತು ಏರಿತು. ಮಂದಿಯ ಹೊಟ್ಟೆ ಚುರುಗುಟ್ಟಿತು.

ನಮ್ಮ ಓಣಿಯ ಹಿರಿಯ ನನ್ನ ಕಡೆ ತಿರುಗಿದ. “ಏನಾರ ಉಳದೈತೇನಪಾ ಆಕೀದು?”

ಕಾಗೆ ಇಳಿಯದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಅಂತ ನಮ್ಮಲ್ಲಿ ತಿಳಿಯುತ್ತಾರೆ. ಅವನು ಕೇಳಿದ್ದು ಅದನ್ನು. ನಾನು ಇದ್ದದ್ದು ಹೇಳಿದೆ.

“ಒಂದು ಚೂರು ಉಳದೈತ್ರಿ. ಹುಬ್ಬಳ್ಳಿ ಕಡೆ. ಬಾಟಲ್ಯಾಗ.”

ಎಲ್ಲ ಬಿಡಿಸಿ ಹೇಳಬೇಕಾಯಿತು. ಹಿರಿಯ ಕಣ್ಣು ಮುಚ್ಚಿ ಕೇಳಿದ.

“ಜೀವಂತ ಐತೇನು ಅದು?”

“ಇತ್ರಿ. ಈಗ ಗೊತ್ತಿಲ್ಲ.”

“ಫೋನ್ ಹಚ್ಚು. ಅದು ಗೊತ್ತಾಗದಿದ್ರ ಕಾಗಿ ಹೆಂಗ ಇಳೀಬೇಕು?”

ಯಲಬುರ್ಗಾದಿಂದ ಬಂದಿದ್ದ ಹೆಂಡತಿಯ ತಮ್ಮ ಲ್ಯಾಬಿನಾಕೆ ಕೊಟ್ಟ ಕಾಗದದ ಮೇಲಿನ ಫೋನ್ ನಂಬರಿಗೆ ಹಚ್ಚಿದ. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದ. ನಾನು ಯಾರು ಅಂತ ಹೇಳಿದೆ. ನಮ್ಮ ಅಂಗಳದಲ್ಲಿ ಎಡೆ ಇಟ್ಟದ್ದು ಲ್ಯಾಬಿನಾಕೆಗೆ ಏನು ಗೊತ್ತು?

“ಕಾಕಾ! ನಾನ ಫೋನ್ ಮಾಡಬೇಕಂತಿದ್ದೆ! ಭಾಳ ಛಲೋ ಐತ್ರಿ! ಜೋರ ಬೆಳ್ಯಾಕತ್ತೈತಿ!”

ಹೆಂಡತಿಯ ತಮ್ಮ ಫೋನನ್ನೇ ನೋಡುತ್ತ ನಿಂತ.

“ಮಾವಾ, ಅಕ್ಕ ಇದ್ದಾಗ ವಾರಕ್ಕೊಮ್ಮಿ ಫೋನ್ ಹಚ್ಚತಿದ್ದೆ. ಛಲೋ ಅದೀನಿ ಅಂತ ಒಂದ ಸಲಾನೂ ಅಂದಿರಲಿಲ್ಲ,” ಅಂದ.

ಊಟದ ಮಾತು ಆಗಲಾದರೂ ಕೇಳಬಹುದಿತ್ತು. ಫೋನು ನನ್ನ ಮುಂದೆಯೇ ಇತ್ತು. ಅರ್ಧ ಊರು ಕಿವಿ ಕೊಟ್ಟು ನಿಂತಿತ್ತು. ಈ ಸಲವೂ ಕೇಳಲಿಲ್ಲ.

ಹಿರಿಯ ತೀರ್ಪು ಕೊಟ್ಟ.

“ಎಡಿಯಾಗಿಂದ ಒಂದು ಹೋಳಿಗಿ ತಗೀರಿ. ಅಲ್ಲಿ ಉಣ್ಣಾಕತ್ತಾಳಲ್ಲ, ಅಷ್ಟು ಇಲ್ಲಿ ಕಡಿಮಿ ಇಡಬೇಕು.”

ತೆಗೆದೆವು. ಕಾಗೆ ಇಳಿಯಿತು. ಮುಟ್ಟಿತು. ಮಂದಿ ಹಿರಿಯನ ಕಾಲಿಗೆ ಬೀಳುವುದೊಂದು ಬಾಕಿ.

ತೆಗೆದಿಟ್ಟ ಹೋಳಿಗೆ ಆಮೇಲೆ ಅವನ ತಾಟಿನಲ್ಲಿ ಕಂಡಿತು.

೭. ಸೋಮವಾರ

ಹಿಂಗಾರಿ ಬಿತ್ತಿಗೆ ಮುಗಿಯಿತು. ಕೈಯಲ್ಲಿ ಕೆಲಸ ಇರಲಿಲ್ಲ. ಆ ಒಂದು ಮಾತು ತಲೆಯಲ್ಲಿ ಇತ್ತು. ಒಂದು ದಿನ ಕಾಗದ ಕಿಸೆಯಲ್ಲಿ ಇಟ್ಟುಕೊಂಡು ನಸುಕಿನಲ್ಲಿ ಬಸ್ಸು ಹಿಡಿದೆ. ಕೊಪ್ಪಳದಲ್ಲಿ ರೈಲು ಹತ್ತಿದೆ. ಈ ಸಲ ಕೇಳಿಯೇ ಬರಬೇಕು ಅಂತ ಇದ್ದೆ. ಚಪ್ಪಲಿ ತೊಳೆದುಕೊಂಡು ಹೋಗಿದ್ದೆ.

ಹಳೆಯ ಲಿಫ್ಟಿನವನೇ ಇದ್ದ. ನನ್ನನ್ನು ನೋಡಿ ಎದ್ದು ನಿಂತ. ನನ್ನ ಎರಡೂ ಕೈ ನೋಡಿದ. ಖಾಲಿ ಇದ್ದವು. ಆಮೇಲೆ ಗುಂಡಿ ಒತ್ತಿದ.

ಲ್ಯಾಬಿನಾಕೆ ನನ್ನ ಕಾಗದದ ನಂಬರನ್ನು ಬಾಟಲಿಯ ನಂಬರಿಗೆ ತಾಳೆ ನೋಡಿದಳು. ತಲೆಗೆ ಟೊಪ್ಪಿಗೆ, ಕಾಲಿಗೆ ಚೀಲ ಹಾಕಿಸಿದಳು. ಒಂದು ಚಪ್ಪಟೆ ಬಾಟಲಿಯನ್ನು ದುರ್ಬೀನಿನ ಕೆಳಗೆ ಇಟ್ಟು ನೋಡ್ರಿ ಅಂದಳು.

“ಕಾಣಾಕತ್ತಾವೇನ್ರೀ ಕಾಕಾ?”

“ಕಾಣತಾವ್ರಿ. ಕರೀ ಕಡ್ಡಿ ಕಡ್ಡಿ ಅದಾವು.”

“ಅದು ನಿಮ್ಮ ರೆಪ್ಪಿ ಕೂದಲ ರೀ.”

ಕಣ್ಣು ಸ್ವಲ್ಪ ಹಿಂದೆ ತೆಗೆದೆ. ಆಗ ಕಂಡವು. ಅಂಗಳಕ್ಕೆ ಫರಸಿ ಕಲ್ಲು ಜೋಡಿಸಿದ ಹಾಗೆ, ಒಂದಕ್ಕೊಂದು ಒತ್ತಿಕೊಂಡು ಕುಳಿತಿದ್ದವು. ನಡುವೆ ಸಂದಿ ಇಲ್ಲ. ಭಾಳ ಹೊತ್ತು ನೋಡಿದೆ.

“ಹಿಡದು ನಿಂತೈತ್ರಿ,” ಅಂದಳು. “ತುಂಬಿದಂಗೆಲ್ಲಾ ಬ್ಯಾರೆ ಬಾಟಲಿಗೆ ಹಂಚಿ ಹಾಕೀವಿ. ಎಷ್ಟು ಸಲ ಹಂಚಿದ್ರೂ ಬೆಳ್ಯಾಕತ್ತೈತಿ. ಅಮ್ಮನ ರಕ್ತದ ಜೋಡಿ ತಾಳೆ ಹಾಕಿ ನೋಡೀವಿ, ಅವರದ ಐತಿ. ಒಂದಿಷ್ಟು ಬರ್ಫಕ್ಕಿಂತ ತಣ್ಣಗಿನ ಪೆಟ್ಟಿಗ್ಯಾಗ ಕಾದಿಟ್ಟೀವಿ. ನಾನು ನೀವು ಹೋದ ಮ್ಯಾಲೂ ಇರತೈತಿ.”

ಹೀಗೆ ಹೇಳುತ್ತ ಗ್ಲೌಸು ಹಾಕಿಕೊಂಡಳು. ಗುಲಾಬಿ ನೀರಿನ ಬಾಟಲಿ ಕೈಗೆ ತೆಗೆದುಕೊಂಡಳು.

“ಛಲೋ ಹೊತ್ತಿಗೆ ಬಂದೀರಿ. ಅದರ ಊಟದ ಹೊತ್ತು ಈಗ.”

ಅವಳೇ ಮಾತು ತೆಗೆದಳು. ನಾನು ಟೊಪ್ಪಿಗೆ ಸರಿ ಮಾಡಿಕೊಂಡೆ.

“ಉಣ್ಣಾಕ ಏನು ಹಾಕ್ತೀರಿ ಅದಕ್ಕ?”

ಇಷ್ಟೇ ಮಾತು. ಯಾರೂ ನಗಲಿಲ್ಲ. ಅವತ್ತು ಕೇಳಿದ್ದರೂ ಯಾರೂ ನಗುತ್ತಿರಲಿಲ್ಲ.

“ಸಕ್ಕರಿ ಐತಿ, ಉಪ್ಪು ಐತಿ, ಶಕ್ತಿಗೆ ಬೇಕಾದ್ದು ಇನ್ನೂ ಏನೇನೋ ಐತ್ರಿ ಈ ನೀರಿನಾಗ. ಮ್ಯಾಲ...” ಅಂತ ನಿಂತಳು. “ಕರುವಿನ ರಕ್ತದ ತಿಳಿ ಕೂಡಿಸ್ತೀವಿ. ಅದಿಲ್ಲದ ಇವು ಬೆಳಿಯೂದಿಲ್ರಿ.”

ನಾನು ಸ್ಟೂಲಿನ ಮೇಲೆ ಕುಳಿತೆ.

“ನಮ್ಮನಿಯಾಕಿ ಕೋಳಿ ತತ್ತಿ ಸೈತ ಹೊಸ್ತಿಲ ದಾಟಗೊಡ್ತಿರಲಿಲ್ರಿ,” ಅಂದೆ.

ಅವಳು ಚಪ್ಪಟೆ ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದಳು. ಆಗ ನೆನಪಾಯಿತು.

“ಮೇಡಂ, ಇವತ್ತ ಸೋಮವಾರ ಅಲ್ರಿ?”

“ಹೌದ್ರಿ. ಸೋಮವಾರ, ಬುಧವಾರ, ಶುಕ್ರವಾರ ಹಾಕ್ತೀವಿ.”

“ಆಕೀದು ಸೋಮವಾರ ಉಪವಾಸ ಐತ್ರಿ.”

ಅವಳು ನನ್ನನ್ನು ನೋಡಿದಳು. ಬಾಟಲಿ ನೋಡಿದಳು. ಗೋಡೆಯ ಕ್ಯಾಲೆಂಡರ್ ನೋಡಿದಳು. ಮುಚ್ಚಳ ಬಿಗಿ ಮಾಡಿ ಬಾಟಲಿಯನ್ನು ಮನುಷ್ಯರ ಮೈಯಷ್ಟು ಬೆಚ್ಚಗಿಡುವ ಪೆಟ್ಟಿಗೆಯೊಳಗೆ ತಿರುಗಿ ಇಟ್ಟಳು.

“ಒಂದು ದಿನಕ್ಕ ಏನೂ ಆಗೂದಿಲ್ರಿ. ನಾಳಿ ಹಾಕ್ತೀನಿ. ಇನ್ನ ಮ್ಯಾಲ ಮಂಗಳವಾರ, ಗುರುವಾರ, ಶನಿವಾರ.”

ಅವಳ ಕೈಕೆಳಗಿನ ಇನ್ನೊಬ್ಬ ಬಿಳಿ ಕೋಟಿನವನು ಒದ್ದಾಡಿದ. “ಮೇಡಂ, ಶನಿವಾರ ನಮಗ ಅರ್ಧ ದಿನ ಸೂಟಿ ಐತ್ರಿ.”

“ನಿನಗ ಸೂಟಿ ಐತಪಾ. ಅದಕ್ಕಿಲ್ಲ,” ಅಂದಳು.

ಆಮೇಲೆ ಒಂದು ಚೀಟಿಯ ಮೇಲೆ ಬರೆದು ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದಳು. ಓದಿದೆ. ನಂಬರ್ ಇತ್ತು. ಕೆಳಗೆ: ಸೋಮವಾರ ಇಲ್ಲ.

“ಇದನ್ನ ಬ್ಯಾರೆ ಊರಿನ ಲ್ಯಾಬಿಗೂ ಕಳಸ್ತೀವಿ. ಅವರಿಗೂ ಹಿಂಗ ಬರದು ಕಳಸ್ತೀನ್ರಿ,” ಅಂದಳು.

“ಯಾಕ ಅಂತ ಕೇಳಿದ್ರ?”

“ಈ ತಳಿ ಗುಣಾನ ಹಂಗ ಐತಿ ಅಂತೀನಿ.”

ಅವತ್ತು ರೈಲಿನಲ್ಲಿ ಒಬ್ಬನೇ ನಕ್ಕೆ. ಎದುರಿಗೆ ಕುಳಿತವರು ಜಾಗ ಬದಲು ಮಾಡಿದರು.

ಮರುದಿನ ಬೆಳಗ್ಗೆ ಎಮ್ಮೆ ಹಿಂಡಿದೆ. ಹೊಲದ ಬದುವಿಗೆ, ಅವಳನ್ನು ಮಣ್ಣು ಮಾಡಿದಲ್ಲಿಗೆ ಹೋಗಿ ಕುಳಿತೆ.

“ಕೇಳ್ಕೊಂಡು ಬಂದೆ,” ಅಂದೆ.

ಹಿಡದು ನಿಂತೈತಿ ಅಂತ ಹೇಳಿದೆ. ನೀರು ಹದಕ್ಕ ಬಿಡ್ತಾರ ಅಂತ ಹೇಳಿದೆ. ಲ್ಯಾಬಿನಾಕೆ ಗ್ಲೌಸು ಹಾಕ್ಕೋತಾಳ, ನಾನ ನೋಡೀನಿ ಅಂತ ಹೇಳಿದೆ. ಸೋಮವಾರ ಹಾಕೂದಿಲ್ಲ, ಇವತ್ತ ಮಂಗಳವಾರ, ಈಗ ಅಲ್ಲಿ ಊಟ ನಡದಿರತೈತಿ ಅಂತ ಹೇಳಿದೆ.

ಕರುವಿನ ಮಾತು ತೆಗೆಯಲಿಲ್ಲ. ಹಾಲು ಹಾಕ್ತಾರ, ಅಂದೆ.